ಜಟೆ ಕದ್ದ ಕೈ

"ಕೇಳಿರಪ್ಪೋ! ದೊರೆಯ ಜಟೆ ಉದುರುತ್ತಿದೆ! ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನಿಗೆ ತಲೆ ಇರುವುದಿಲ್ಲ!"

ಡಂಗುರ ಕೇಳಿ ಮೈಲಾರಿ ಕುರಿಗಳನ್ನು ಅಲ್ಲೇ ಬಿಟ್ಟು ಕೋಟೆಗೆ ನಡೆದ. ಅವನ ತಾಯಿ ದ್ಯಾಮವ್ವ ಅಲ್ಲಿ ಸೆರೆಯಲ್ಲಿದ್ದಳು. ಜಟೆ ಬಿಟ್ಟ ಜೋಗತಿ ಆಕೆ. ದೊರೆಯ ಜಟೆಯನ್ನು ನೋಡಿಕೊಳ್ಳುತ್ತಿದ್ದವಳೂ ಆಕೆಯೇ. ಒಂದು ಜಟೆ ಬುಡದಿಂದ ಕಳಚಿದ ದಿನ, ವಿಷ ಹಾಕಿದಳೆಂದು ದೊರೆ ಅವಳನ್ನು ಒಳಗೆ ಹಾಕಿಸಿದ್ದ.

ಜಾಲಿಕೋಟೆಯಲ್ಲಿ ಜಟೆಯಿಲ್ಲದವನಿಗೆ ಗದ್ದುಗೆಯಿಲ್ಲ. ಆದ್ದರಿಂದ ದೊರೆ ಬೊಮ್ಮರಸನಿಗೆ ಎಲ್ಲರ ಮೇಲೂ ಗುಮಾನಿ. ತಮ್ಮನ ಮೇಲೆ, ಹೆಂಡತಿಯ ಮೇಲೆ, ನೀರು ಕಾಯಿಸುವವನ ಮೇಲೆ. ವಿಷ ಇದೆಯೇನೋ ಎಂದು ಬಂದವರ ಉಗುರಿನ ಸಂದಿಯನ್ನೂ ಕಾವಲಿನವರು ನೋಡಿ ಒಳಗೆ ಬಿಟ್ಟರು.

ಮೊದಲು ನಿಂತವನು ಎಣ್ಣೆ ವ್ಯಾಪಾರಿ ಸಂಗಣ್ಣ. ದೊರೆ ಅಜ್ಜನ ಕಾಲದ ಒಗಟು ಹಾಕಿದ.

"ನೀರು ಕಾಣದಿದ್ದರೆ ಕೊಳೆ ಕಟ್ಟಿ ಸಾಯುತ್ತದೆ. ನೀರು ಒಳಗೇ ನಿಂತರೆ ಕೊಳೆತು ಸಾಯುತ್ತದೆ. ಅದನ್ನು ಉಳಿಸುವವನು ಯಾರು?"

"ಎಣ್ಣೆ, ಮಹಾಸ್ವಾಮಿ! ನಮ್ಮ ಅಂಗಡಿಯದ್ದಾದರೆ ಇನ್ನೂ ಒಳ್ಳೆಯದು."

"ನಿನ್ನನ್ನು ಕಳಿಸಿದವನು ನನ್ನ ತಮ್ಮನೇ ಇರಬೇಕು. ಎಳೆದುಕೊಂಡು ಹೋಗಿ."

ಮಂತ್ರವಾದಿ ಭರಮಪ್ಪ "ಗಂಗೆ" ಅಂದ. ಅವನನ್ನೂ ಎಳೆದೊಯ್ದರು.

ಮೈಲಾರಿಯ ಸರದಿ ಬಂತು. ಅವನ ಕಣ್ಣು ದೊರೆಯ ಮೇಲೇ ಇತ್ತು. ಒಬ್ಬೊಬ್ಬನನ್ನು ಎಳೆದೊಯ್ದಾಗಲೂ ದೊರೆಯ ಕೈ ತಲೆಯ ರುಮಾಲಿನೊಳಗೆ ಹೋಗುತ್ತಿತ್ತು.

"ಏನಲೇ, ನೀನ್ಯಾರ ಕಡೆಯವನು?"

"ಕುರಿ ಕಾಯೋನು, ಒಡೆಯಾ. ಉಳಿಸುವವನು ಸೂರ್ಯ. ಸೀಗೆಕಾಯಿ ಹಾಕಿ ತೊಳೆದ ಜಟೆ ಬುಡದ ತನಕ ಬಿಸಿಲಲ್ಲಿ ಒಣಗಬೇಕು. ಒದ್ದೆ ಇದ್ದಾಗ ಕಟ್ಟಬಾರದು."

ದೊರೆ ಕಣ್ಣು ಕಿರಿದು ಮಾಡಿದ. "ಯಾರೋ ಹೇಳಿಕೊಟ್ಟಿದ್ದಾರೆ. ಎರಡನೆಯದು. ತಿರುಚಿದರೆ ಹುಟ್ಟುತ್ತದೆ, ತಿರುಚಿದರೆ ಸಾಯುತ್ತದೆ. ಯಾವಾಗ ಹುಟ್ಟು, ಯಾವಾಗ ಸಾವು?"

"ಅದು ಜಟೆಯ ಬುಡ. ಹೊಸ ಕೂದಲು ಬೆರಳಗಲ ಬಂದ ಮೇಲೆ ತಿರುಚಿದರೆ ಜಟೆಗೆ ಸೇರುತ್ತದೆ. ಅವಸರಪಟ್ಟು ತಿರುಚಿದರೆ ಬುಡ ದಾರವಾಗಿ ಕಡಿದುಹೋಗುತ್ತದೆ."

ಮೂರನೆಯದು ದೊರೆಯ ಸ್ವಂತದ್ದು.

"ಬಾಗಿಲಿಗೆ ಕಾವಲಿದೆ. ಎಣ್ಣೆಗೆ ಕಾವಲಿದೆ. ಜೋಗತಿ ಸೆರೆಯಲ್ಲಿದ್ದಾಳೆ. ಆದರೂ ನನ್ನ ಜಟೆ ದಿನಾ ಕಳುವಾಗುತ್ತಿದೆ. ಕಳ್ಳ ಯಾರು?"

ಅವನಿಗೆ ಬೇಕಾಗಿದ್ದದ್ದು ಒಂದು ಹೆಸರು. ಯಾರ ಹೆಸರಾದರೂ ಸರಿ. ಪಕ್ಕದಲ್ಲಿದ್ದ ತಮ್ಮ ಬೆವರಿದ.

"ಒಡೆಯಾ, ಕೈ ಚಾಚಿ."

"ಯಾಕೆ?"

"ಬಂದವರ ಉಗುರೆಲ್ಲ ನೋಡಿದಿರಿ. ನಿಮ್ಮದೊಂದನ್ನೇ ನೋಡಲಿಲ್ಲ."

ದೊರೆ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಕೂದಲಿತ್ತು. ಬುಡ ಗಟ್ಟಿಯಿದೆಯೋ ಇಲ್ಲವೋ ಎಂದು ಗುಮಾನಿ ಬಂದಾಗಲೆಲ್ಲ ಜಗ್ಗಿ ನೋಡುತ್ತಿದ್ದ. ಯಾರಾದರೂ ಕತ್ತರಿಸಿಯಾರೆಂದು ಒದ್ದೆ ಜಟೆಯನ್ನೇ ಬಿಗಿಯಾಗಿ ಸುತ್ತಿ, ಮೇಲೆ ರುಮಾಲು ಕಟ್ಟಿ ಮಲಗುತ್ತಿದ್ದ.

"ಇದೆಲ್ಲ ಯಾರು ಕಲಿಸಿದರು?"

ಮೈಲಾರಿ ಸುಳ್ಳು ಹೇಳಬಹುದಿತ್ತು. "ನೀವು ಸೆರೆಯಲ್ಲಿಟ್ಟ ದ್ಯಾಮವ್ವ. ನಮ್ಮವ್ವ."

"ಹಾಗಾದರೆ ತಾಯಿ ಮಗ ಸೇರಿ ಹೂಡಿದ ಆಟ!"

"ಆಟವಾದರೆ ತಿಳಿಯುತ್ತದೆ. ಬರುವ ಅಮಾವಾಸ್ಯೆ ತನಕ ಕೈ ಹಾಕಬೇಡಿ. ತೊಳೆದು ಬಿಸಿಲಿಗೆ ಕೂರಿ. ಸಡಿಲ ಬಿಡಿ. ಬುಡಕ್ಕೆ ಲೋಳೆಸರದ ರಸ ಸಾಕು. ಇನ್ನೊಂದು ಉದುರಿದರೆ ಇಬ್ಬರ ತಲೆಯೂ ನಿಮ್ಮದೇ."

ಮೈಲಾರಿಯನ್ನೂ ಸೆರೆಗೆ ಹಾಕಿದರು. ಲೋಳೆಸರವನ್ನು ಮೊದಲು ಅವನಿಗೆ ತಿನ್ನಿಸಿ ನೋಡಿದರು. ದೊರೆ ಬಿಸಿಲಲ್ಲಿ ಕೂತ. ಕೈ ಎದ್ದೀತೆಂದು ತೊಡೆಯ ಕೆಳಗಿಟ್ಟುಕೊಂಡು ಕೂತ.

ಅಮಾವಾಸ್ಯೆ ಬಂತು. ಒಂದೂ ಉದುರಿರಲಿಲ್ಲ. ಬುಡದಲ್ಲಿ ಹೊಸ ಕೂದಲು ಗರಿಕೆಯಂತೆ ಎದ್ದಿತ್ತು.

"ಏನು ಬೇಕು, ಕೇಳು."

"ನಮ್ಮವ್ವ."

ದ್ಯಾಮವ್ವನನ್ನು ಬಿಟ್ಟರು. ಮೈಲಾರಿಗೆ ಕೆರೆಯ ಕೆಳಗಿನ ಹೊಲ ಕೊಟ್ಟರು. ಬೊಮ್ಮರಸ ಸಾಯುವ ತನಕ ಜಟೆಯೊಂದಿಗೇ ಆಳಿದ. ಬಾಗಿಲ ಕಾವಲು ಮಾತ್ರ ತೆಗೆಯಲಿಲ್ಲ.