ಕೊಗ್ಗ ತಾಂಡೇಲ ದೋಣಿಯಿಂದ ಇಳಿಯಲಿಲ್ಲ

ತೆಂಕಬಂದರಿನ ಬೀರರಸನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ತನ್ನ ಕಡಲಲ್ಲಿ ಕಳ್ಳರಿಲ್ಲ ಎಂಬುದು. ಇನ್ನೊಂದು, ತಾನು ಯಾರಿಂದಲೂ ಏನನ್ನೂ ಕಸಿದುಕೊಂಡವನಲ್ಲ ಎಂಬುದು.

ಎರಡನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ತಾತನ ಕಾಲದಿಂದ ಅಲ್ಲೊಂದು ಪದ್ಧತಿಯಿತ್ತು. ಗಾಳಿಗೆ ದಾರಿ ತಪ್ಪಿ ಆ ಊರಿನ ಮರಳಿಗೆ ಬಂದು ಬಿದ್ದ ಹಡಗು, ದೋಣಿ, ಸರಕು ಎಲ್ಲವೂ ಅರಸನಿಗೆ ಸೇರಿದ್ದು. ಅರಸನೇ ದಡಕ್ಕೆ ಬಂದು ತೆಂಗಿನಕಾಯಿ ಒಡೆದು "ಒಪ್ಪಿಸಿಕೊಂಡೆ" ಎಂದರೆ ಮುಗಿಯಿತು. ಸರಕು ಕಳೆದುಕೊಂಡ ವ್ಯಾಪಾರಿ ಕಾಲಿಗೆ ಬಿದ್ದು ಅತ್ತರೆ ಬೀರರಸನೂ ಜೊತೆಗೆ ಕಣ್ಣೊರೆಸಿಕೊಳ್ಳುತ್ತಿದ್ದ.

"ನಾನೇನು ಮಾಡಲಿ ಸಾಹುಕಾರರೇ? ಕಡಲಮ್ಮ ಕೊಟ್ಟದ್ದನ್ನು ಬೇಡ ಅಂದರೆ ಅವಳು ಮುನಿಯುತ್ತಾಳೆ. ಮುನಿದರೆ ನಮ್ಮ ದೋಣಿಗಳನ್ನೆಲ್ಲ ನುಂಗುತ್ತಾಳೆ."

ಹೀಗೆ ಬೇಡ ಅನ್ನಲಾಗದೆ ಅವನ ಅರಮನೆ ತುಂಬಿತ್ತು. ಚೀನಾದ ಜಾಡಿಗಳಿದ್ದವು, ಅರಬ್ಬೀ ಖರ್ಜೂರವಿತ್ತು, ಯಾರಿಗೂ ಕೀಲಿ ಕೊಡಲು ಬಾರದ ಒಂದು ಗಡಿಯಾರವೂ ಇತ್ತು.

ಒಂದು ಮಳೆಗಾಲದ ಕೊನೆಯಲ್ಲಿ ನೆರೆಯ ರಾಣಿಯ ದೂತ ನಾಗಪ್ಪಯ್ಯ ಬಂದ. ಯಾವನೋ ಕಡಲ್ಗಳ್ಳ ರಾಣಿಯವರ ಉಪ್ಪಿನ ಮೂಟೆಗಳನ್ನು ಅಳಿವೆಯಿಂದಲೇ ಹೊತ್ತುಕೊಂಡು ಈ ಕಡೆಗೆ ಓಡಿದ್ದಾನೆ ಎಂದು ದೂರು.

"ನನ್ನ ಕಡಲಲ್ಲಿ ಕಳ್ಳನೇ?" ಬೀರರಸ ಎದ್ದು ನಿಂತ. "ಹುಣ್ಣಿಮೆಯ ಸಮುದ್ರಪೂಜೆಯೊಳಗೆ ಅವನನ್ನು ನಿಮ್ಮ ಕಣ್ಣೆದುರೇ ನೇಣಿಗೆ ಹಾಕದಿದ್ದರೆ ನಾನು ಮೀಸೆ ಬೋಳಿಸುತ್ತೇನೆ."

ಅರಸ ಅಂದೇ ಮರಳ ಮೇಲೆ ನೇಣುಗಂಬ ನೆಡಿಸಿದ.

ಆ ಕಳ್ಳ ಕೊಗ್ಗ ತಾಂಡೇಲ. ಹದಿಮೂರು ವರ್ಷದಿಂದ ಕಡಲ್ಗಳ್ಳನಾಗಿದ್ದ. ಕರಾವಳಿಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಮಳೆಗಾಲದಲ್ಲಿ ಕಡಲು ಉಕ್ಕುವುದರಿಂದ ಸಮುದ್ರಪೂಜೆ ಆಗುವ ತನಕ ಯಾರೂ ದೋಣಿ ಇಳಿಸುವುದಿಲ್ಲ. ಬೇರೆ ಕಳ್ಳರಿಗಿಂತ ಮುಂಚೆ ಸುಗ್ಗಿ ಮಾಡೋಣವೆಂದು ಇವನು ಪೂಜೆಗೆ ಮೊದಲೇ ಕಡಲಿಗಿಳಿದಿದ್ದ. ಅವನ ಜೊತೆಗಾರರು ಅಷ್ಟು ದಡ್ಡರಲ್ಲ, ಮನೆಯಲ್ಲೇ ಉಳಿದಿದ್ದರು. ಪೂಜೆಯ ಹಿಂದಿನ ದಿನ ಬೆಳಿಗ್ಗೆ ಗಾಳಿ ಅವನನ್ನು ತಂದು ತೆಂಕಬಂದರಿನ ಮರಳಿಗೆ, ನೇಣುಗಂಬದ ಪಕ್ಕದಲ್ಲೇ ಎಸೆಯಿತು.

ಕಾವಲಿನವ ಓಡಿಬಂದ. "ಏಯ್, ಇಳಿ ಕೆಳಗೆ!"

ಕೊಗ್ಗ ಕಂಬವನ್ನು ನೋಡಿದ. ಆ ಊರಿನ ಪದ್ಧತಿ ಅವನಿಗೆ ಗೊತ್ತಿತ್ತು.

"ಇಳಿಯೋದಿಲ್ಲ ಅಂತಲ್ಲ ಮಾರಾಯ. ಅರಸರು ಕಾಯಿ ಒಡೆಯುವ ಮೊದಲು ಇಳಿದರೆ ಅವರಿಗೆ ಮರ್ಯಾದೆ ಕೊಟ್ಟ ಹಾಗಾಗ್ತದಾ?"

ಕಾವಲಿನವನಿಗೆ ಇದು ಸರಿಯೆನಿಸಿತು. ಬೀರರಸ ದೂತನನ್ನೂ ಕರೆದುಕೊಂಡು ದಡಕ್ಕೆ ಬಂದ. ಊರಿನ ಮೀನುಗಾರರೆಲ್ಲ ನೆರೆದರು. ಯಾರದೋ ದೋಣಿ, ಒಳಗೆ ಮೂಟೆಗಳು. ಅರಸ ಬೇರೇನೂ ವಿಚಾರಿಸದೆ ಕಾಯಿ ಒಡೆದ.

"ದೋಣಿ, ಹಾಯಿ, ಒಳಗಿರುವುದೆಲ್ಲ ಒಪ್ಪಿಸಿಕೊಂಡೆ!"

"ಎಲ್ಲವೂ ಸೇರಿತಾ ಒಡೆಯಾ?" ಎಂದ ಕೊಗ್ಗ, ದೋಣಿಯಲ್ಲೇ ಕೂತು.

"ಒಂದು ಹಗ್ಗವನ್ನೂ ಬಿಟ್ಟಿಲ್ಲ."

ಕೊಗ್ಗ ಸಮಾಧಾನದಿಂದ ಇಳಿದು ಕೈಮುಗಿದ.

ಮೂಟೆಗಳನ್ನು ಎತ್ತಿ ನೋಡಿದರೆ ಬರೀ ಒದ್ದೆ ಗೋಣಿ. ತಳ ಸೋರಿ ಉಪ್ಪೆಲ್ಲ ಕರಗಿಹೋಗಿತ್ತು. ಗೋಣಿಯ ಮೇಲಿನ ರಾಣಿಯ ಮುದ್ರೆಯನ್ನು ನೋಡಿ ನಾಗಪ್ಪಯ್ಯ ಕೂಗಿದ, "ಇವನೇ ಕಳ್ಳ!"

ಅರಸನ ಮುಖ ಅರಳಿತು. "ಯಾವ ಯಾವ ಹಡಗು ದೋಚಿದ್ದೀಯ? ದೂತರು ಕೇಳಲಿ, ಬೊಗಳು."

"ಮೊದಲನೇದು ನಾಡಹೆಂಚು ತುಂಬಿದ ದೋಣಿ ಒಡೆಯಾ. ಹೇರಿಕೊಂಡ ಭಾರಕ್ಕೆ ನನ್ನ ದೋಣಿಯೇ ಮುಳುಗಿತು."

"ಆಮೇಲೆ?"

"ಒಬ್ಬಳು ಅಜ್ಜಿ ಹಲಸಿನ ಹಪ್ಪಳ ಕಟ್ಟಿಕೊಂಡು ಬಾಣಂತಿ ಮಗಳ ಮನೆಗೆ ಹೊರಟಿದ್ದಳು. ಕತ್ತಿ ತೋರಿಸಿದೆ. 'ಅದನ್ನು ಕೆಳಗಿಟ್ಟು ಹುಟ್ಟು ಹಾಕು, ಹೊತ್ತಾಯಿತು' ಅಂದಳು. ಮಗಳ ಮನೆ ತನಕ ಬಿಟ್ಟು ಬಂದೆ. ಗಂಜಿ ಕೊಟ್ಟರು."

"ದೊಡ್ಡ ಹಡಗು ಯಾವುದೂ ಇಲ್ಲವೇ?"

"ಪರಂಗಿಯವರದ್ದು ಒಂದನ್ನು ಅಟ್ಟಿಸಿಕೊಂಡು ಹೋಗಿದ್ದೆ. ಅವರಿಗೆ ಗೊತ್ತಾಗಲಿಲ್ಲ."

ಬೀರರಸನಿಗೆ ತನ್ನ ಕಂಬದ ಬಗ್ಗೆಯೇ ನಾಚಿಕೆಯಾಯಿತು. ಆದರೂ ಮೀಸೆಯ ಪ್ರಶ್ನೆ. "ನೇಣಿಗೆ ಹಾಕಿ," ಎಂದ.

ಹಗ್ಗ ಕುತ್ತಿಗೆಗೆ ಬಿತ್ತು. ಕೊಗ್ಗ ಹಗ್ಗದೊಳಗಿಂದಲೇ ಅರಸನನ್ನು ಕರೆದ.

"ಆಗಲಿ ಒಡೆಯಾ. ಆದರೆ ದೋಣಿಯೊಳಗಿದ್ದ ನಾನೂ ಸೇರಿ ಕಡಲಮ್ಮ ಕೊಟ್ಟದ್ದನ್ನೆಲ್ಲ ಒಪ್ಪಿಸಿಕೊಂಡು, ಕಾಯಿಯ ನೀರು ಆರುವ ಮೊದಲೇ ಅವಳೆದುರೇ ನೇಣಿಗೆ ಹಾಕಿದರೆ ಅವಳು ಏನಂದುಕೊಂಡಾಳು? ನಾಳೆ ಇವರೆಲ್ಲ ದೋಣಿ ಇಳಿಸಬೇಕಲ್ಲ."

ಮೀನುಗಾರರು ಗುಜುಗುಜು ಆರಂಭಿಸಿದರು. ಒಬ್ಬ ಮುದುಕ ಮುಂದೆ ಬಂದು, "ಒಡೆಯಾ, ನಮಗೆ ಹೆಂಡತಿ ಮಕ್ಕಳಿದ್ದಾರೆ," ಎಂದು ಹಗ್ಗವನ್ನು ತಾನೇ ಬಿಚ್ಚಿದ.

"ಸರಿ, ಹಾಗಾದರೆ ಇವನು ನನ್ನ ಆಳು," ಎಂದ ಅರಸ. "ಸಾಯುವ ತನಕ ಲಾಯದ ಲದ್ದಿ ಬಾಚಲಿ."

ಕೊಗ್ಗ ದೂತನ ಕಡೆ ತಿರುಗಿದ. "ಕೇಳಿದಿರಲ್ಲ ಅಯ್ಯಾ? ರಾಣಿಯವರ ಉಪ್ಪು ಕದ್ದವನು ಅರಸರ ಆಳು. ಹಾಗೆಯೇ ಹೋಗಿ ಹೇಳಿ."

"ಹೇಳಲೇಬೇಕಾಗುತ್ತದೆ," ಎಂದ ನಾಗಪ್ಪಯ್ಯ. ಅವನಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು. "ಆಳು ಮಾಡಿದ್ದಕ್ಕೆ ಒಡೆಯರೇ ಅಲ್ಲವೇ ಜವಾಬು ಕೊಡುವುದು."

ಬೀರರಸನ ತಾಳ್ಮೆ ತಪ್ಪಿತು. "ನನಗೆ ಈ ಉಡುಗೊರೆಯೇ ಬೇಡ! ಕಡಲಿನದು ಕಡಲಿಗೇ ಹೋಗಲಿ. ಎತ್ತಿ ನೀರಿಗೆ ಎಸೆಯಿರಿ ಇವನನ್ನು!"

ನಾಲ್ವರು ಅವನ ಕೈಕಾಲು ಹಿಡಿದು ಎತ್ತಿದರು. ನೀರು ಹತ್ತು ಹೆಜ್ಜೆ ದೂರದಲ್ಲಿತ್ತು, ಅಲೆ ಆಳೆತ್ತರಕ್ಕೆ ಏಳುತ್ತಿತ್ತು.

"ನ್ಯಾಯವಾದ ಮಾತು ಒಡೆಯಾ," ಎಂದ ಕೊಗ್ಗ ಗಾಳಿಯಲ್ಲಿ ಅಡ್ಡಡ್ಡ ಮಲಗಿಕೊಂಡೇ. "ಆದರೆ ಅವಳು ನನ್ನನ್ನು ದೋಣಿಯಲ್ಲಿ ಕೂರಿಸಿ ಕೊಟ್ಟಿದ್ದಳು. ದೋಣಿಗೂ ನನಗೂ ನೀವು ಒಡೆದದ್ದು ಒಂದೇ ಕಾಯಿ. ದೋಣಿ ಇಟ್ಟುಕೊಂಡು ನನ್ನೊಬ್ಬನನ್ನೇ ಮರಳಿಸಿದರೆ, ಉಳಿದದ್ದು ಎಲ್ಲಿ ಅಂತ ಅವಳು ಕೇಳಲಿಕ್ಕೆ ಬರ್ತಾಳೆ. ಕೇಳಲಿಕ್ಕೆ ಬಂದರೆ ದಡದಲ್ಲೇ ನಿಲ್ತಾಳಾ?"

ಮೀನುಗಾರರೆಲ್ಲ ಅರಸನ ಮುಖ ನೋಡಿದರು. ಅರಸ ಕಡಲನ್ನು ನೋಡಿದ. ಕಡಲಿನಿಂದ ಅರಮನೆಯ ಮೆಟ್ಟಿಲಿಗೆ ಎಷ್ಟು ದೂರ ಎಂದೂ ನೋಡಿದ. ನಾಗಪ್ಪಯ್ಯ ಹೊಟ್ಟೆ ಹಿಡಿದುಕೊಂಡು ಮರಳ ಮೇಲೆ ಕೂತೇಬಿಟ್ಟ. ಅದನ್ನು ಕಂಡು ಬೀರರಸನಿಗೂ ನಗು ಬಂತು.

ಊರಿನವರೇ ತಳದ ತೂತು ಮುಚ್ಚಿ, ಕರಗಿದ ಉಪ್ಪಿನ ಬದಲಿಗೆ ಅರಮನೆಯ ಒಂದು ಮೂಟೆ ಖರ್ಜೂರ ಹಾಕಿ, ಕೊಗ್ಗನನ್ನು ಕೂರಿಸಿ ದೋಣಿ ನೂಕಿದರು. ಮರುದಿನ ಸಮುದ್ರಪೂಜೆಗೆ ಅರಸ ಮೀಸೆಯಿಲ್ಲದೆ ಬಂದ.

ಅಂದಿನಿಂದ ತೆಂಕಬಂದರಿನಲ್ಲಿ ಕಾಯಿ ಒಡೆಯುವ ಮೊದಲು, ಒಳಗೆ ಯಾರಾದರೂ ಕೂತಿದ್ದಾರೆಯೇ ಎಂದು ಬಗ್ಗಿ ನೋಡುವ ಪದ್ಧತಿ ಬಂತು; ಕೂತಿದ್ದರೆ ಕಾಯಿ ಒಡೆಯುತ್ತಿರಲಿಲ್ಲ. ದಾರಿ ತಪ್ಪಿ ಬಂದ ಯಾವ ಹಡಗಿನಿಂದಲೂ ಆಮೇಲೆ ಯಾರೂ ಇಳಿಯಲಿಲ್ಲ.