ದಾರಿ ಬಿಟ್ಟ ಕುದುರೆ

ಎರಡು ಮೈಲಿಯ ಓಟದಲ್ಲಿ ನೀಲಕೇತುವನ್ನು ಮೀರಿಸುವ ಕುದುರೆ ಇರಲಿಲ್ಲ. ಆರು ಸಲ ಗೆದ್ದಿದ್ದ. ಆರೂ ಸಲ ಅವನದೇ ಲಾಯದ ಬೂದು ಕುದುರೆ ಧೂಸರ ಮುಂದೆ ಓಡಿ, ಗಾಳಿಗೆ ಎದೆಯೊಡ್ಡಿ, ಕೊನೆಯ ತಿರುವಿನಲ್ಲಿ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಿದ್ದ. ಧೂಸರನನ್ನು ಸಾಕಿದ್ದೇ ಅದಕ್ಕೆ.

ಏಳನೆಯ ಓಟದ ಬೆಳಿಗ್ಗೆ ನೀಲಕೇತುವಿಗೆ ಹುರುಳಿ ರುಚಿಸಲಿಲ್ಲ. ಗೆಲ್ಲುವ ಆಸೆಯಿಲ್ಲದ ಕುದುರೆ ಲೋಕದಲ್ಲಿ ಎಲ್ಲಾದರೂ ಉಂಟೇ?

“ಧೂಸರ, ಇಷ್ಟು ದಿನ ದಾರಿ ಬಿಟ್ಟೆಯಲ್ಲ, ಇದರಲ್ಲಿ ನಿನಗೇನು ಲಾಭ?” ಎಂದು ಕೇಳಿದ.

“ನನ್ನ ದಮ್ಮು ಇರುವುದೇ ಕೊನೆಯ ತಿರುವಿನ ತನಕ. ಅದು ದಂಡವಾಗದಿದ್ದರೆ ಸಾಕು,” ಎಂದ ಧೂಸರ. “ಎಂದಿನಂತೆ ನನ್ನ ಹಿಂದೆಯೇ ಇರು.”

ಹಿಂದೆಯೇ ಇರು ಎಂದದ್ದೇ ನೀಲಕೇತುವಿಗೆ ಚುಚ್ಚಿತು. ಆರು ಸಲ ನಂಬಿಸಿ ಏಳನೆಯ ಸಲ ತಾನೇ ಗೆಲ್ಲುವ ಹುನ್ನಾರವಿರಬೇಕು. ಓಟ ಶುರುವಾದದ್ದೇ ತಡ, ಸವಾರ ಲಗಾಮು ಜಗ್ಗಿದರೂ ಕೇಳದೆ ಧೂಸರನ ಮಗ್ಗುಲಿಗೇ ಬಂದು, ಅವನ ಮೇಲೆ ಒಂದು ಕಣ್ಣಿಟ್ಟುಕೊಂಡೇ ಓಡಿದ. ಗಾಳಿಯೆಲ್ಲ ಎದೆಗೆ ಬಡಿಯಿತು.

ಕೊನೆಯ ತಿರುವಿನಲ್ಲಿ ಧೂಸರ ಎಂದಿನಂತೆ ಪಕ್ಕಕ್ಕೆ ಸರಿದ. ದಾರಿಯೇನೋ ತೆರೆಯಿತು, ನೀಲಕೇತುವಿನ ಕಾಲಲ್ಲಿ ಮಾತ್ರ ಕಸುವು ಉಳಿದಿರಲಿಲ್ಲ. ಹಿಂದಿನಿಂದ ಬಂದ ಬೇರೆ ಲಾಯದ ಕಂದು ಹೆಣ್ಣುಕುದುರೆ ಅದೇ ದಾರಿಯಲ್ಲಿ ನುಗ್ಗಿ ಗೆದ್ದಿತು.

ಲಾಯಕ್ಕೆ ಮರಳಿದ ನೀಲಕೇತು ಏದುಸಿರು ಇಳಿಯುವ ಮೊದಲೇ ಕೇಳಿದ:

“ಈಗಲಾದರೂ ನಿಜ ಹೇಳು. ಅವಳಿಗೆ ದಾರಿ ಬಿಡುವುದಕ್ಕೆ ಆ ಲಾಯದವರು ನಿನಗೇನು ಕೊಟ್ಟರು?”