ಚಿಪ್ಪಕ್ಕನ ಸೋರೆಬಳ್ಳಿ

ಒಂದು ಕಾಡಿನಲ್ಲಿ ಬೇಸಗೆಯಲ್ಲೂ ಬತ್ತದ ಒರತೆ ಇದ್ದದ್ದು ಒಂದೇ. ಅದರ ದಂಡೆಯಲ್ಲಿ ಚಿಪ್ಪಕ್ಕ ಎಂಬ ಆಮೆ ವಾಸವಾಗಿತ್ತು. ಆ ವರ್ಷ ಮುತ್ತುಗದ ಮರ ಹೂಬಿಡುವ ಹೊತ್ತಿಗೆ ಅದು ಒರತೆಯ ಪಕ್ಕದ ಮಣ್ಣಿನಲ್ಲಿ ಐದು ಮೊಟ್ಟೆ ಹುಗಿದಿತ್ತು. ಮಳೆ ಬಂದು ಮಣ್ಣು ಮೆತ್ತಗಾದಾಗ ಮರಿಗಳು ಹೊರಬರಬೇಕು. ಅಲ್ಲಿಯವರೆಗೆ ಆಮೆ ಅಲ್ಲಿಂದ ಕದಲುವಂತಿರಲಿಲ್ಲ.

ಆ ಒರತೆಯ ಮೇಲೆ ಕೆಂಚ ಎಂಬ ಕೋತಿಯ ಕಣ್ಣೂ ಬಿದ್ದಿತ್ತು. ನೀರು ತನ್ನದಾದರೆ ಕುಡಿಯಲು ಬಂದವರೆಲ್ಲ ಹಣ್ಣು ತಂದು ತನ್ನ ಮುಂದಿಡಬೇಕು ಎಂಬ ಆಸೆ ಅದಕ್ಕೆ. ಅದು ಕಾಡಿನ ಯಜಮಾನನಾದ ಕಾಡುಕೋಣದ ಬಳಿಗೆ ಹೋಯಿತು.

"ಯಜಮಾನರೇ, ಚಿಪ್ಪಕ್ಕ ಆ ನೆಲದಲ್ಲಿ ಮಲಗುವುದು ಬಿಟ್ಟರೆ ಇನ್ನೇನೂ ಮಾಡುವುದಿಲ್ಲ. ನನಗೆ ಕೊಡಿ. ತೋಟ ಮಾಡಿ ತೋರಿಸುತ್ತೇನೆ" ಎಂದಿತು.

ನೆಲವನ್ನು ನೋಡಿಕೊಂಡವರಿಗೇ ನೀರು ಎಂಬುದು ಆ ಕಾಡಿನ ಹಳೆಯ ಕಟ್ಟಳೆ. ಕಾಡುಕೋಣ ಇಬ್ಬರನ್ನೂ ಕರೆಸಿ ಒಂದೊಂದು ಸೋರೆಬೀಜ ಕೊಟ್ಟಿತು.

"ಒರತೆಯ ಆಚೆಗೆ ಒಬ್ಬರು, ಈಚೆಗೆ ಒಬ್ಬರು ಹಾಕಿ. ಮುಂಗಾರು ಬೀಳುವ ಮುಂಚೆ ಬಂದು ನೋಡುತ್ತೇನೆ. ಯಾರ ಬಳ್ಳಿಯಲ್ಲಿ ಕಾಯಿ ಹೆಚ್ಚೋ ಒರತೆ ಅವರದು. ಸೋತವರು ಹೊಳೆಯ ಕಡೆ ಹೋಗಬೇಕು."

ಹೊಳೆ ಕೋತಿಗೆ ಅರ್ಧ ದಿನದ ದಾರಿ. ಆಮೆಗೆ ಹದಿನೈದು ದಿನ, ಅದೂ ಸುಡುವ ಬಿಸಿಲಿನಲ್ಲಿ. ಮೊಟ್ಟೆಗಳನ್ನು ಹೊತ್ತುಕೊಂಡು ಹೋಗುವಂತೆಯೂ ಇಲ್ಲ. ಚಿಪ್ಪಕ್ಕ ಬೀಜ ಕಚ್ಚಿಕೊಂಡು ಹಿಂದಿರುಗಿತು.

ಒಂದು ಒಣಮರದ ಬುಡದಲ್ಲಿ ಅದು ಬೀಜ ಊರಿತು. ಉಗುರಿನಿಂದ ಕೆರೆದು ಕೆರೆದು ಒರತೆಯಿಂದ ಬುಡದವರೆಗೆ ಸಣ್ಣ ಕಾಲುವೆ ತೋಡಿತು. ಹಗಲಲ್ಲಿ ಕಾಲುವೆಯ ಬಾಯಿಗೆ ಕಲ್ಲು ಅಡ್ಡವಿಡುತ್ತಿತ್ತು. ಹೊತ್ತು ಇಳಿದು ನೆಲ ತಣಿದ ಮೇಲೆ ಕಲ್ಲು ಸರಿಸುತ್ತಿತ್ತು. ಆಮೇಲೆ ತರಗೆಲೆ ಎಳೆದು ತರುವ ಕೆಲಸ ಹಿಡಿಯಿತು. ಒಂದು ಸಲಕ್ಕೆ ಮೂರು ಎಲೆ, ನಾಲ್ಕು ಎಲೆ. ಬುಡದ ಸುತ್ತ ಮೊಣಕಾಲೆತ್ತರಕ್ಕೆ ಹಾಸಿತು.

ಕೋತಿ ಆಚೆ ದಡದಲ್ಲಿ ಕೂತು ನಗುತ್ತಿತ್ತು.

"ಏನಕ್ಕಾ, ಬಳ್ಳಿಗೆ ಚಳಿಯಾ? ಕಂಬಳಿ ಹೊದಿಸುತ್ತಿದ್ದೀಯಲ್ಲ."

"ಬಿಸಿಲು ತಮ್ಮಾ. ಬೇರಿಗೆ ನೆರಳು ಬೇಕು."

"ಬೇರು ಇರುವುದೇ ಮಣ್ಣಿನೊಳಗೆ. ಅದಕ್ಕೆಂಥ ನೆರಳು?"

ಕೋತಿಯ ಬಳ್ಳಿಯ ಬುಡದಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಚೊಕ್ಕಟವಾಗಿ ಗುಡಿಸಿಟ್ಟಿತ್ತು. ನೆತ್ತಿಯ ಮೇಲೆ ಸೂರ್ಯ ಬಂದಾಗ ತೇಗದ ಎಲೆಯಲ್ಲಿ ನೀರು ತಂದು ಸುರಿಯುತ್ತಿತ್ತು. ಸುರಿದ ನೀರು ಕಣ್ಣೆದುರೇ ಆವಿಯಾಗಿ ಮಣ್ಣು ಬಿರಿಯುತ್ತಿತ್ತು. ಆದರೂ ಬಳ್ಳಿ ಮಾತ್ರ ಉದ್ದಕ್ಕೆ ಓಡುತ್ತಿತ್ತು. ಕೋತಿ ದಿನಾ ಬೆಳಗ್ಗೆ ಬಾಲದಿಂದ ಅಳೆದು, "ಇವತ್ತು ಇನ್ನೊಂದು ಬಾಲ ಬೆಳೆದಿದೆ" ಎಂದು ಮರಮರಕ್ಕೂ ಸಾರುತ್ತಿತ್ತು.

ಚಿಪ್ಪಕ್ಕನ ಬಳ್ಳಿಯೂ ಒಣಮರವನ್ನು ಏರಿತು. ಸಂಜೆಗಳಲ್ಲಿ ಬಿಳಿಯ ಹೂವು ಅರಳತೊಡಗಿದವು. ಆಮೆ ಕತ್ತು ಚಾಚಿ ಒಂದೊಂದನ್ನೇ ನೋಡಿತು. ಎಲ್ಲವೂ ಉದ್ದ ತೊಟ್ಟಿನ ಗಂಡು ಹೂವುಗಳು. ಒಂದರ ಹಿಂದೆಯೂ ಹೀಚಿಲ್ಲ.

ಅದಕ್ಕೆ ತನ್ನ ತಪ್ಪು ತಿಳಿಯಿತು. ಸೋರೆಬಳ್ಳಿಯ ಕುಡಿಯನ್ನು ಎಳೆಯದರಲ್ಲೇ ಚಿವುಟಬೇಕು. ಚಿವುಟಿದರೆ ಪಕ್ಕದ ಕವಲು ಒಡೆಯುತ್ತದೆ. ಕವಲಿನಲ್ಲಿ ಕಾಯಿ ಕಚ್ಚುತ್ತದೆ. ತರಗೆಲೆ ಎಳೆಯುವ ಗಡಿಬಿಡಿಯಲ್ಲಿ ಅದನ್ನು ಮರೆತಿತ್ತು. ಈಗ ಕುಡಿ ಮರದ ತುದಿಯಲ್ಲಿತ್ತು. ಆಮೆ ಮುಂಗಾಲು ಊರಿ ಎದ್ದಿತು, ಮಗುಚಿ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಕೊನೆಗೆ ಮೊಟ್ಟೆ ಹುಗಿದ ಜಾಗದ ಮೇಲೆ ಹೋಗಿ ಸುಮ್ಮನೆ ಕೂತಿತು.

ಇತ್ತ ಕೋತಿಗೆ ಬೇರೆ ಚಿಂತೆ. ಚಿಪ್ಪಕ್ಕನ ಎಲೆಗಳು ಮೊರದಗಲ, ಕಡು ಹಸಿರು. ತನ್ನ ಎಲೆಗಳ ಅಂಚು ಸುಟ್ಟು ಸುರುಟುತ್ತಿತ್ತು. ಇದನ್ನು ಹೀಗೇ ಬಿಟ್ಟರೆ ಕೆಟ್ಟೆ ಎಂದುಕೊಂಡಿತು. ಒಂದು ಮಧ್ಯಾಹ್ನ ಆಮೆ ಚಿಪ್ಪಿನೊಳಗೆ ತಲೆ ಎಳೆದು ಮಲಗಿದ್ದಾಗ ಅದು ಒಣಮರ ಹತ್ತಿತು. ತುದಿಯಿಂದ ತುದಿಗೆ ಹಾರಿ ಇದ್ದಬದ್ದ ಕುಡಿಗಳನ್ನೆಲ್ಲ ಕಡಿದು ಉಗುಳಿತು. 'ತಲೆಯೇ ಇಲ್ಲದ ಮೇಲೆ ಎಲ್ಲಿಂದ ಬೆಳೆಯುತ್ತದೆ ನೋಡೋಣ' ಎಂದು ಇಳಿಯಿತು.

ಸಂಜೆ ಏನೂ ತಿಳಿಯದವನಂತೆ ಬಂದು ಲೊಚಗುಟ್ಟಿತು.

"ಅಯ್ಯೋ ಅಕ್ಕಾ, ಕುಡಿಯೆಲ್ಲ ಕೆಳಗೆ ಬಿದ್ದಿವೆಯಲ್ಲ. ಯಾವ ಪಾಪಿಯ ಕೆಲಸ ಇದು?"

ಚಿಪ್ಪಕ್ಕ ನೆಲದ ಮೇಲಿನ ಕುಡಿಗಳನ್ನು ನೋಡಿತು. ಮರದ ತುದಿ ನೋಡಿತು. ಕೋತಿಯ ಹಲ್ಲಿನ ಸಂದಿಯಲ್ಲಿದ್ದ ಹಸಿರನ್ನೂ ನೋಡಿತು.

"ಪಾಪಿ ಅನ್ನಬೇಡ ತಮ್ಮಾ. ಯಾರೋ ಪುಣ್ಯಾತ್ಮ" ಎಂದು ಕಾಲುವೆಯ ಕಲ್ಲು ಸರಿಸಲು ಹೋಯಿತು.

ಬಿಸಿಲಿಗೆ ಮುದುಕಿಯ ತಲೆ ಕೆಟ್ಟಿದೆ ಎಂದುಕೊಂಡು ಕೋತಿ ಹಿಗ್ಗಿನಿಂದ ಹೋಯಿತು. ಗೆದ್ದಾಗಿದೆ, ಇನ್ನು ನೀರು ಹೊರುವುದೇಕೆ ಎಂದು ತನ್ನ ಬಳ್ಳಿಯ ಕಡೆ ನೋಡುವುದನ್ನೇ ಬಿಟ್ಟಿತು.

ತರಗೆಲೆಯ ಕೆಳಗೆ ಬೇರು ತಂಪಾಗಿತ್ತು. ಎಂಟು ದಿನಕ್ಕೆ ಗಿಣ್ಣುಗಿಣ್ಣಿನಲ್ಲೂ ಕವಲೊಡೆಯಿತು. ಕವಲಿನಲ್ಲಿ ಬಿಟ್ಟ ಹೂವಿನ ಹಿಂದೆ ಹೆಬ್ಬೆರಳಷ್ಟು ಹೀಚು. ಮುಸ್ಸಂಜೆ ಪತಂಗಗಳು ಹೂವಿನಿಂದ ಹೂವಿಗೆ ಹಾರಾಡಿದವು. ಹೀಚು ಉಳಿಯಿತು, ಉಬ್ಬಿತು, ಜೋತುಬಿತ್ತು.

ಮೋಡ ಕಟ್ಟಿದ ದಿನ ಕಾಡುಕೋಣ ಬಂತು. ಹಿಂದೆಯೇ ಕಾಡೆಲ್ಲ ಬಂತು. ಆಚೆ ದಡದಲ್ಲಿ ಬಣಗುಟ್ಟುವ ಬಳ್ಳಿಯ ಉದ್ದಕ್ಕೂ ಹುಡುಕಿದಾಗ ಒಂದು ಡೊಂಕು ಕಾಯಿ ಸಿಕ್ಕಿತು. ಈಚೆಗೆ ಬಂದರೆ ಒಣಮರ ಕಾಣಿಸುತ್ತಲೇ ಇಲ್ಲ. ಎಲ್ಲಿ ನೋಡಿದರೂ ಸೋರೆಕಾಯಿ.

"ಹತ್ತೊಂಬತ್ತು" ಎಂದಿತು ಕಾಡುಕೋಣ.

ಕೋತಿಗೆ ಮೈಯೆಲ್ಲ ಉರಿಯಿತು. "ಇದು ಮೋಸ ಯಜಮಾನರೇ. ಎಲ್ಲಿಂದಲೋ ತಂದು ಕಟ್ಟಿದ್ದಾಳೆ. ಈ ಬಳ್ಳಿಯ ಕುಡಿಗಳನ್ನೆಲ್ಲ ನಾನೇ ನನ್ನ ಹಲ್ಲಿನಿಂದ ಕಡಿದಿದ್ದೇನೆ. ಹತ್ತೊಂಬತ್ತು ಹೇಗೆ ಬಿಡುತ್ತದೆ?"

ಮೊಲ ಕಿಸಕ್ಕೆಂದಿತು. ನವಿಲು ನಕ್ಕಿತು. ಕಾಡುಕೋಣವೂ ಮುಖ ತಿರುಗಿಸಿಕೊಂಡಿತು, ಅದರ ಹೊಟ್ಟೆ ಅಲುಗುತ್ತಿತ್ತು.

"ಹೇಗೆ ಬಿಟ್ಟಿತು ಅಂತ ನೀನೇ ಹೇಳಮ್ಮ ಚಿಪ್ಪಕ್ಕ."

"ಕುಡಿ ಚಿವುಟುವ ಕೆಲಸ ಬಾಕಿ ಇತ್ತು ಯಜಮಾನರೇ. ನನಗೆ ಎಟುಕಲಿಲ್ಲ. ಈ ತಮ್ಮ ಕರೆಯದೆಯೇ ಬಂದು ಮಾಡಿಕೊಟ್ಟ." ಚಿಪ್ಪಕ್ಕ ಎಲ್ಲಕ್ಕಿಂತ ಕೆಳಗಿದ್ದ ಕಾಯಿಯ ತೊಟ್ಟು ಕಚ್ಚಿ ಕೆಡವಿ ಕೋತಿಯ ಕಡೆ ಉರುಳಿಸಿತು. "ತಗೋ ತಮ್ಮಾ, ನಿನ್ನ ಕೂಲಿ."

ಕೋತಿ ಆ ಕಾಯನ್ನು ಬಗಲಲ್ಲಿ ಇರುಕಿಕೊಂಡು, ಯಾರ ಮುಖವನ್ನೂ ನೋಡದೆ ಹೊಳೆಯ ದಾರಿ ಹಿಡಿಯಿತು. ಅದು ಕಣ್ಮರೆಯಾಗುವ ಮೊದಲೇ ದಪ್ಪ ಹನಿ ಬಿತ್ತು. ಒರತೆ ಎಂದಿನಂತೆ ಬಂದವರಿಗೆಲ್ಲ ನೀರು ಕೊಟ್ಟಿತು. ನಾಲ್ಕನೆಯ ದಿನ ನೆನೆದ ಮಣ್ಣನ್ನು ಸೀಳಿಕೊಂಡು ಐದು ಪುಟ್ಟ ತಲೆಗಳು ಹೊರಬಂದು, ತೂಗುವ ಸೋರೆಕಾಯಿಗಳನ್ನು ಕತ್ತೆತ್ತಿ ನೋಡಿದವು.

ನೀತಿ: ಬೇರನ್ನು ಕಾಯ್ದವರ ಬಳ್ಳಿ ಕುಡಿ ಕಡಿದರೂ ಕಾಯಿ ಬಿಡುತ್ತದೆ, ಕೆಲಸ ಅರಿಯದವನು ಬಗೆದ ಕೇಡು ಅವನಿಗೇ ತಿರುಗುತ್ತದೆ.